ಕಂಠೀರವದಲ್ಲಿ ಕಪ್ ಗೆದ್ದರೂ ಮುಗಿಯದ ವಾದ

2023ರ ಜುಲೈ 4ರ ರಾತ್ರಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಕುವೈತ್‌ನ ಖಾಲಿದ್ ಹಾಜಿಯಾ ಶೂಟೌಟ್‌ನಲ್ಲಿ ಒದ್ದ ಪೆನಾಲ್ಟಿಯನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆಯುತ್ತಿದ್ದಂತೆ ಭಾರತ ಒಂಬತ್ತನೆಯ ಬಾರಿ ದಕ್ಷಿಣ ಏಷ್ಯಾದ ಫುಟ್‌ಬಾಲ್ ಟೂರ್ನಿ ಸ್ಯಾಫ್‌ನ ಚಾಂಪಿಯನ್ ಆಯಿತು. ಹದಿನಾರು ದಿನಗಳ ಹಿಂದಷ್ಟೇ ಭುವನೇಶ್ವರದಲ್ಲಿ ಲೆಬನಾನ್ ತಂಡವನ್ನು 2-0ರಿಂದ ಸೋಲಿಸಿ ಇಂಟರ್‌ಕಾಂಟಿನೆಂಟಲ್ ಕಪ್ ಗೆದ್ದಿದ್ದ ತಂಡವದು. ಒಂದು ತಿಂಗಳೊಳಗೆ ಎರಡು ಕಪ್ ಬಂದ ಮೇಲೆ ಅಭಿಮಾನಿಗಳು ಕೆಲಕಾಲವಾದರೂ ಸುಮ್ಮನಿರುತ್ತಾರೆಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಗೆದ್ದವರು ಯಾರು, ಗೆದ್ದದ್ದು ಹೇಗೆ ಎಂಬ ವಾದ ಕಪ್ಪಿನ ಜೊತೆಗೇ ಶುರುವಾಯಿತು.

ಎರಡು ಪಕ್ಷದವರ ಕೈಯಲ್ಲೂ ಇದ್ದದ್ದು ಒಂದೇ ಲೆಕ್ಕ. ಐದು ಪಂದ್ಯಗಳಲ್ಲಿ ಭಾರತ ಹೊಡೆದ ಗೋಲುಗಳು ಎಂಟು, ಅದರಲ್ಲಿ ಐದು ನಾಯಕ ಸುನಿಲ್ ಛೇತ್ರಿಯವರವು. ಪಾಕಿಸ್ತಾನದ ವಿರುದ್ಧ ಮೂರು, ನೇಪಾಳದ ವಿರುದ್ಧ ಒಂದು, ಗುಂಪಿನ ಹಂತದಲ್ಲಿ ಕುವೈತ್ ವಿರುದ್ಧ ಒಂದು. ಪಾಕಿಸ್ತಾನದ ವಿರುದ್ಧದ ಆ ಮೂರರಿಂದ ಅವರ ಅಂತರರಾಷ್ಟ್ರೀಯ ಗೋಲುಗಳು 90ಕ್ಕೇರಿ, ಏಷ್ಯಾದಲ್ಲಿ ಇರಾನಿನ ಅಲಿ ದಾಯಿ ಒಬ್ಬರೇ ಅವರಿಗಿಂತ ಮುಂದೆ ಉಳಿದರು. 38ರ ವಯಸ್ಸಿನಲ್ಲಿ ಇಷ್ಟು ಮಾಡಿದವರನ್ನು ಪ್ರಶ್ನಿಸುವುದು ಕೃತಘ್ನತೆ ಎಂದು ಒಂದು ಪಕ್ಷ ಹೇಳಿತು. ಇನ್ನೊಂದು ಪಕ್ಷ ಪ್ರಶ್ನಿಸಿದ್ದು ಛೇತ್ರಿಯವರನ್ನಲ್ಲ, ಉಳಿದವರನ್ನು. ಆ ಐದೂ ಗೋಲುಗಳು ಗುಂಪಿನ ಹಂತದಲ್ಲಿ ಬಂದಿದ್ದವು. ಸೆಮಿಫೈನಲ್ ಮತ್ತು ಫೈನಲ್ ಎರಡೂ ಹೆಚ್ಚುವರಿ ಅವಧಿಗೆ ಹೋಗಿ, ಒಟ್ಟು 240 ನಿಮಿಷಗಳಲ್ಲಿ ಭಾರತಕ್ಕೆ ಸಿಕ್ಕಿದ್ದು ಒಂದೇ ಗೋಲು. ಆಟದ ಸಮಯದೊಳಗೇ ಭಾರತ ಗೆದ್ದದ್ದು ಐದರಲ್ಲಿ ಎರಡು ಪಂದ್ಯಗಳನ್ನು ಮಾತ್ರ.

ಆ ಒಂದು ಗೋಲನ್ನು ಮಾತ್ರ ಇಬ್ಬರೂ ಮೆಚ್ಚಿದರು. ಫೈನಲ್‌ನ ಮೊದಲರ್ಧದಲ್ಲೇ ಶಬೀಬ್ ಅಲ್ ಖಾಲ್ದಿ ಹೊಡೆದ ಗೋಲಿನಿಂದ ಹಿಂದೆ ಬಿದ್ದಿದ್ದ ಭಾರತದ ಪರವಾಗಿ ಆಶಿಕ್ ಕುರುಣಿಯನ್ ಚೆಂಡನ್ನು ಛೇತ್ರಿಗೆ ಕೊಟ್ಟರು. ಛೇತ್ರಿ ಅದನ್ನು ರಕ್ಷಣೆಯ ಸಂದಿಯಲ್ಲಿ ಸಹಲ್ ಅಬ್ದುಲ್ ಸಮದ್‌ಗೆ ತಳ್ಳಿದರು. ತಾವೇ ಒದೆಯಬಹುದಾಗಿದ್ದ ಸಹಲ್ ಅಡ್ಡಕ್ಕೆ ಕೊಟ್ಟಾಗ ಲಾಲಿಯನ್‌ಜುವಾಲಾ ಛಾಂಗ್ಟೆ ಬಂದು ಮುಟ್ಟಿಸಿದರು. ನಾಲ್ವರ ಕಾಲು ತಾಗಿದ, ಯಾರೊಬ್ಬರ ಪವಾಡವನ್ನೂ ನೆಚ್ಚಿಕೊಳ್ಳದ ಗೋಲದು. ಅಂಥದ್ದು ಇನ್ನೂ ನಾಲ್ಕಾರು ಬಂದಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ.

ಉದಾಂತ ಸಿಂಗ್ ಕತೆ ಬೇರೆ. ಹಲವು ವರ್ಷ ಬೆಂಗಳೂರು ಎಫ್‌ಸಿಗೆ ಆಡಿ ಕಂಠೀರವದ ಹುಲ್ಲಿನ ಪರಿಚಯವಿದ್ದ ಅವರು ಸೆಮಿಫೈನಲ್‌ನಲ್ಲಿ ಲೆಬನಾನ್ ವಿರುದ್ಧದ ಶೂಟೌಟ್‌ನಲ್ಲಿ ಪೆನಾಲ್ಟಿಯನ್ನು ಗೋಲಾಗಿಸಿ, ಮೂರು ದಿನಗಳ ನಂತರ ಫೈನಲ್‌ನ ಶೂಟೌಟ್‌ನಲ್ಲಿ ಗುರಿ ತಪ್ಪಿದರು. ಎರಡೂ ಶೂಟೌಟ್‌ಗಳಲ್ಲಿ ತಂಡವನ್ನು ಉಳಿಸಿದ ಗುರ್‌ಪ್ರೀತ್ ಇದ್ದರೂ, ಟೂರ್ನಿಯ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಹೋದದ್ದು ಬಾಂಗ್ಲಾದೇಶದ ಅನಿಸುರ್ ರಹಮಾನ್ ಝಿಕೋಗೆ. ಜನ ಗುರ್‌ಪ್ರೀತ್‌ರನ್ನು ಹೊತ್ತು ಮೆರೆಸಿದ್ದರಲ್ಲಿ ತಪ್ಪಿಲ್ಲ, ಆದರೆ ಗೋಲ್‌ಕೀಪರೇ ಕಪ್ ಗೆಲ್ಲಿಸಬೇಕಾಗಿ ಬಂದರೆ ಮುಂದಿನ ಸಾಲಿನ ಬಗ್ಗೆ ಅನುಮಾನ ಹುಟ್ಟುವುದೂ ಸಹಜವೇ.

ಹೀಗೆ ಬೈಯುವ ಹಕ್ಕನ್ನು ಅಭಿಮಾನಿಗಳಿಗೆ ಕೊಟ್ಟವರು ಸ್ವತಃ ಛೇತ್ರಿ. 2018ರ ಜೂನ್‌ನಲ್ಲಿ ಮುಂಬೈನಲ್ಲಿ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದ ಪಂದ್ಯಕ್ಕೆ ಬಂದಿದ್ದ ಪ್ರೇಕ್ಷಕರು 2,569. ಮರುದಿನ ಛೇತ್ರಿ ವಿಡಿಯೊ ಸಂದೇಶದಲ್ಲಿ, ಟೀಕಿಸಬೇಕೆಂದರೆ ಟೀಕಿಸಿ, ಬೈಯಬೇಕೆಂದರೆ ಬೈಯಿರಿ, ಆದರೆ ಮೈದಾನಕ್ಕೆ ಬಂದು ನೋಡಿ ಎಂಬರ್ಥದಲ್ಲಿ ಕೇಳಿಕೊಂಡರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯದ ಟಿಕೆಟ್‌ಗಳೆಲ್ಲ ಖರ್ಚಾದವು. ಬಂದವರು ನೋಡಿದರು, ನೋಡಿದವರು ಮಾತನಾಡದಿರುತ್ತಾರೆಯೇ?

ಛೇತ್ರಿಯ ನಂತರ ಯಾರು ಎಂಬ ಪ್ರಶ್ನೆಗೂ ಒಂದು ಹಿರಿಯಣ್ಣ ಇದೆ. ಛೇತ್ರಿಗಿಂತ ಮೊದಲು ತಂಡದ ಮುಖ್ಯ ಗೋಲುಗಾರರಾಗಿದ್ದ ಬೈಚುಂಗ್ ಭುಟಿಯಾ 2011ರ ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿದಾಗ ಇದೇ ಕೊರಗು ಕೇಳಿತ್ತು. ಆದರೆ ಅದೇ ಡಿಸೆಂಬರ್‌ನಲ್ಲಿ ದೆಹಲಿಯ ಸ್ಯಾಫ್ ಟೂರ್ನಿಯಲ್ಲಿ ಛೇತ್ರಿ ಏಳು ಗೋಲು ಹೊಡೆದು, ಫೈನಲ್‌ನಲ್ಲಿ ಭಾರತ ಅಫ್ಘಾನಿಸ್ತಾನವನ್ನು 4-0ರಿಂದ ಸೋಲಿಸಿ, ಪ್ರಶ್ನೆಗೆ ನಾಲ್ಕೇ ತಿಂಗಳಲ್ಲಿ ಉತ್ತರ ಸಿಕ್ಕಿತು. ಆಗ ಉತ್ತರ ಸಿದ್ಧವಿತ್ತು. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಮೊದಲ ಪಂದ್ಯದಲ್ಲೇ ಗೋಲು ಹೊಡೆದಿದ್ದ ಹುಡುಗ ಭುಟಿಯಾ ನೆರಳಿನಲ್ಲಿ ಆರು ವರ್ಷ ಪಳಗಿದ್ದ.

ಎರಡನೆಯ ಬಾರಿ ಅಂಥ ಹುಡುಗ ಬರಲಿಲ್ಲ ಏಕೆ ಎಂಬುದಕ್ಕೆ ದೊಡ್ಡ ಕಾರಣ ದೇಶದ ಲೀಗ್‌ನಲ್ಲಿದೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಮೈದಾನದ ಹನ್ನೊಂದರಲ್ಲಿ ಆರು ಜನ ವಿದೇಶಿಯರಿರಲು ಅವಕಾಶವಿತ್ತು. ಅದು ಇಳಿಯುತ್ತ 2021-22ರ ಹೊತ್ತಿಗೆ ನಾಲ್ಕಕ್ಕೆ ಬಂತು. ಆದರೆ ಆ ನಾಲ್ವರಲ್ಲಿ ಒಬ್ಬ ಸ್ಟ್ರೈಕರ್, ಅಂದರೆ ನಡುವೆ ನಿಂತು ಗೋಲು ಹೊಡೆಯುವವ, ಇರಲೇಬೇಕೆಂಬುದು ಕ್ಲಬ್‌ಗಳ ಅಲಿಖಿತ ನಿಯಮ. 2023ರವರೆಗಿನ ಒಂಬತ್ತು ಆವೃತ್ತಿಗಳಲ್ಲಿ ಅತಿ ಹೆಚ್ಚು ಗೋಲಿನ ಪ್ರಶಸ್ತಿ ಒಮ್ಮೆಯೂ ಭಾರತೀಯರಿಗೆ ಸಿಗಲಿಲ್ಲ. ಭಾರತ ತಂಡದ ಮನ್‌ವೀರ್ ಸಿಂಗ್ ಕ್ಲಬ್‌ನಲ್ಲಿ ಬಲಬದಿಯ ವಿಂಗ್‌ನಲ್ಲಿ ಓಡಿ, ದೇಶಕ್ಕೆ ಆಡುವಾಗ ನಡುವೆ ನಿಂತು ಗೋಲು ಹೊಡೆಯಬೇಕಿತ್ತು. ಅಷ್ಟೇಕೆ, ಬೆಂಗಳೂರು ಎಫ್‌ಸಿಯಲ್ಲಿ ವೆನಿಜುವೆಲಾದ ಮಿಕು ಇದ್ದಾಗ ಛೇತ್ರಿಯೇ ಎಷ್ಟೋ ಪಂದ್ಯಗಳನ್ನು ಎಡಬದಿಯಲ್ಲಿ ಆಡಿದ್ದರು. ಆಟಗಾರನ ಸಾಮರ್ಥ್ಯದ ಬಗ್ಗೆ ವಾದಿಸುತ್ತಿದ್ದವರು ಅವನಿಗೆ ಆ ಜಾಗದ ಅಭ್ಯಾಸವೇ ಇಲ್ಲವೆಂಬುದನ್ನು ಬಹಳಷ್ಟು ಸಲ ಮರೆತರು.

ವಾದದಲ್ಲಿ ಯಾರದು ಸರಿ ಎಂಬುದನ್ನು ಕತಾರ್ ತೋರಿಸಿತು. 2024ರ ಜನವರಿಯಲ್ಲಿ ಅಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಭಾರತವನ್ನು ಆಸ್ಟ್ರೇಲಿಯಾ 2-0, ಉಜ್ಬೇಕಿಸ್ತಾನ 3-0, ಸಿರಿಯಾ 1-0ರಿಂದ ಸೋಲಿಸಿದವು. ಭಾರತದ ಖಾತೆಯಲ್ಲಿ ಒಂದು ಗೋಲೂ ಇರಲಿಲ್ಲ. ಬೆಂಗಳೂರಿನಲ್ಲಿ ಗೆದ್ದ ತಂಡದ ಬಹುಪಾಲು ಆಟಗಾರರೇ ಅಲ್ಲಿದ್ದರು. ಜೂನ್ 6ರಂದು ಕೋಲ್ಕತ್ತದಲ್ಲಿ ಅದೇ ಕುವೈತ್ ವಿರುದ್ಧ 0-0 ಡ್ರಾದೊಂದಿಗೆ ಛೇತ್ರಿ ವಿದಾಯ ಹೇಳಿದರು. ವಿಶ್ವಕಪ್ ಅರ್ಹತಾ ಸುತ್ತಿನಲ್ಲೂ ಭಾರತ ಮುಂದೆ ಹೋಗಲಿಲ್ಲ, ಕೋಚ್ ಇಗೊರ್ ಸ್ಟಿಮಾಚ್‌ರನ್ನು ವಜಾ ಮಾಡಲಾಯಿತು. ಆ ವರ್ಷವಿಡೀ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಕೊನೆಗೂ 3-0 ಗೆಲುವು ಬಂತು. ಮೊದಲ ಗೋಲು ಡಿಫೆಂಡರ್ ರಾಹುಲ್ ಭೇಕೆಯದು, ಎರಡನೆಯದು ಲಿಸ್ಟನ್ ಕೊಲಾಸೊ ಅವರದು. ಮೂರನೆಯದನ್ನು ತಲೆಯಿಂದ ಹೊಡೆದವರು ನಿವೃತ್ತಿಯಿಂದ ಮರಳಿ ಕರೆತರಲಾಗಿದ್ದ, 40 ವರ್ಷದ ಸುನಿಲ್ ಛೇತ್ರಿ.