‘ಅವನಿಗೆ ಕೈ ಇಲ್ಲ, ಆ ಪೀರಿಯಡ್ಡನ್ನು ಗಣಿತಕ್ಕೆ ಕೊಡಬಾರದೇ?’

ಪ್ರಶ್ನೆ: ನನ್ನ ಮಗ ಸರ್ಕಾರಿ ಶಾಲೆಯಲ್ಲಿ ಏಳನೆಯ ತರಗತಿ. ಚಿತ್ರ ಬರೆಯುವ ಕೈ ಅವನಿಗಿಲ್ಲ. ಚಿತ್ರಕಲೆಯ ಪೀರಿಯಡ್ಡಿನಲ್ಲಿ ಗಣಿತ ಮಾಡಿಸಿದರೆ ಒಳ್ಳೆಯದಲ್ಲವೇ?
– ಒಬ್ಬ ತಾಯಿ, ಸೋಮವಾರಪೇಟೆ ತಾಲ್ಲೂಕು

ಅಮ್ಮಾ, ಈ ಪ್ರಶ್ನೆಗೆ ಪೋಷಕರ ಸಭೆಯಲ್ಲಿ ಉತ್ತರಿಸಿದ್ದೇನೆ, ಬಸ್ ನಿಲ್ದಾಣದಲ್ಲಿ ಉತ್ತರಿಸಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಅನ್ನ ಆರುವ ತನಕ ಉತ್ತರಿಸಿದ್ದೇನೆ. ನಿವೃತ್ತ ಚಿತ್ರಕಲಾ ಮೇಷ್ಟರಿಗೆ ಬೇರೇನು ಕೆಲಸ? ಇನ್ನೊಮ್ಮೆ ಹೇಳುತ್ತೇನೆ.

ಒಳ್ಳೆಯದಲ್ಲ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಚಿತ್ರಕ್ಕೆ ಒಂದಂಕವೂ ಇಲ್ಲ ಎಂಬುದು ನನಗೂ ಗೊತ್ತು. ಶಾಲೆಯ ಪ್ರತಿ ಹಂತದಲ್ಲೂ ಕಲೆ ಒಂದು ವಿಷಯವಾಗಿಯೇ ಇರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಅಂಕ ಬಾರದ ವಿಷಯದ ಗತಿ ಏನೆಂದು ನಿಮಗೆ ವಿವರಿಸಬೇಕಿಲ್ಲ.

ನನ್ನನ್ನು ಕೆರಳಿಸುವುದು ಆ ‘ಕೈ ಇಲ್ಲ’ ಎಂಬ ಮಾತು. ಮಗ ಲೆಕ್ಕದಲ್ಲಿ ಹಿಂದಿದ್ದರೆ ಟ್ಯೂಷನ್ನಿಗೆ ಕಳಿಸುತ್ತೀರಿ, ಚಿತ್ರದಲ್ಲಿ ಹಿಂದಿದ್ದರೆ ಹಣೆಬರಹ ಎನ್ನುತ್ತೀರಿ. ಒಂದು ಸ್ಟೀಲ್ ಲೋಟವನ್ನು ಮೇಜಿನ ಮೇಲಿಟ್ಟು ಬರೆಯಲು ಹೇಳಿ ನೋಡಿ. ಬಾಯಿ ಉರುಟೆಂದು ಅವನಿಗೆ ಗೊತ್ತು, ಪೂರ್ತಿ ವೃತ್ತ ಬರೆಯುತ್ತಾನೆ. ತಳ ಸಮತಟ್ಟೆಂದು ಗೊತ್ತು, ನೇರ ಗೆರೆ ಎಳೆಯುತ್ತಾನೆ. ಕುಳಿತಲ್ಲಿಂದ ಕಾಣುವುದಾದರೋ ಮೊಟ್ಟೆಯಾಕಾರದ ಬಾಯಿ, ಬಾಗಿದ ತಳ. ಅವನ ಕೈಯಲ್ಲಿ ಯಾವ ದೋಷವೂ ಇಲ್ಲ. ಗೊತ್ತಿರುವುದನ್ನು ಬರೆಯುತ್ತಾನೆ, ಕಂಡದ್ದನ್ನು ಬರೆಯಲು ಯಾರೂ ಕಲಿಸಿಲ್ಲ, ಅಷ್ಟೇ. ಇದನ್ನು ಕಲಿಸಬಹುದು. ಮೂವತ್ತು ವರ್ಷ ಕಲಿಸಿದ್ದೇನೆ.

ತೋಟದಲ್ಲಿ ಹಸಿರು ಕಾಯಿಗಳ ನಡುವಿನಿಂದ ಕಾಫಿ ಹಣ್ಣನ್ನಷ್ಟೇ ಆರಿಸಿ ಕೊಯ್ಯುವವರಿಗೆ ದೇವರು ಬೇರೆ ಕೈ ಕೊಟ್ಟಿದ್ದಾನೆಯೇ? ಕಣ್ಣು ಪಳಗಿದೆ. ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಕೋಲಾಟಕ್ಕೆ ಊರ ಬಯಲಾದ ಮಂದ್‌ಗೆ ಇಳಿಯುವವರನ್ನು ‘ನಿನಗೆ ಪ್ರತಿಭೆ ಇದೆಯೇ’ ಎಂದು ಯಾರಾದರೂ ತಡೆಯುತ್ತಾರೆಯೇ? ಹುಡುಗ ಮೊದಲ ವರ್ಷ ಹೆಜ್ಜೆ ತಪ್ಪುತ್ತಾನೆ, ಹಿರಿಯರ ಕೋಲಿಗೆ ಅವನ ಕೋಲು ಸಿಗುವುದಿಲ್ಲ. ಮೂರನೆಯ ವರ್ಷಕ್ಕೆ ಸಿಗುತ್ತದೆ. ನಾಲ್ವರು ದುಡಿ ಎಂಬ ಪುಟ್ಟ ವಾದ್ಯ ಹಿಡಿದು ಬಾಳೋಪಾಟ್ ಎಂಬ ಕೊಡವ ಜನಪದ ಹಾಡು ಹಾಡುವ ಊರಿನಲ್ಲಿ ನಿಂತು ಕಲೆ ಹುಟ್ಟಿನಿಂದಲೇ ಬರಬೇಕು ಎನ್ನುವುದು ನನಗಂತೂ ಸೋಜಿಗ.

ನಿಮ್ಮ ಮಗನಿಗೆ ಆ ಪೀರಿಯಡ್ ಇರುವುದೇ ಅದೃಷ್ಟ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೆಯ ತರಗತಿವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ನಮ್ಮ ಗುಡ್ಡದ ಮೇಲಿನ ಪುಟ್ಟ ಶಾಲೆಗಳಿಗೆ ನೂರು ಮಕ್ಕಳನ್ನು ಎಲ್ಲಿಂದ ತರುವುದು?

ನೀವು ಕೇಳದ ಇನ್ನೊಂದು ಮಾತು. ಯಾವ ಶಾಲೆಗೆ ಹೋದರೂ ಮಕ್ಕಳು ಬರೆಯುವುದು ಅದೇ ಚಿತ್ರ: ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಒಂದು ನದಿ, ಒಂದು ತೆಂಗಿನ ಮರ. ಜುಲೈ ತಿಂಗಳ ಮಡಿಕೇರಿಯಲ್ಲಿ ಸೂರ್ಯನನ್ನು ಯಾರು ಕಂಡಿದ್ದಾರೆ? ಒಂದು ದಿನ ನಾನು ಹಟ ಹಿಡಿದು, ಕಿಟಕಿಯಿಂದ ಕಂಡದ್ದನ್ನು ಮಾತ್ರ ಬರೆಯಿರಿ ಎಂದೆ. ‘ಸಾರ್, ಮಂಜು ಬರೆಯುವುದು ಹೇಗೆ?’ ಎಂದು ಒಬ್ಬ ಕೇಳಿದ. ನೀನೇ ನೋಡು ಎಂದೆ. ಅವನು ಹಾಳೆಯ ಕೆಳತುದಿಯಲ್ಲಿ ಸಿಲ್ವರ್ ಓಕ್ ಮರದ ಬುಡ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಏಳೆಂಟು ಎಲೆ ಬರೆದು, ಮೇಲೆ ಹೋದಂತೆ ಗೆರೆಗಳನ್ನು ತೆಳುವಾಗಿಸಿ, ಉಳಿದದ್ದನ್ನೆಲ್ಲ ಖಾಲಿ ಬಿಟ್ಟು ತಂದುಕೊಟ್ಟ. ಹತ್ತಕ್ಕೆ ಹತ್ತು ಕೊಟ್ಟೆ. ಮರುದಿನ ಅವನ ತಾಯಿ ಶಾಲೆಗೆ ಬಂದರು, ಖಾಲಿ ಹಾಳೆಗೆ ಅಂಕ ಕೊಡುವ ಮೇಷ್ಟರು ಯಾರೆಂದು ನೋಡಲು.