ನಾಯಿಮರಿಗೆ ಈಗ ಅಗ್ಗದ ವಿಮೆ, ಆಮೇಲೆ ಲೈಫ್‌ಟೈಮ್: ಇದು ಆಗುತ್ತದೆಯೇ?

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಹತ್ತು ವಾರದ ಲ್ಯಾಬ್ರಡಾರ್ ಮರಿ ತಂದಿದ್ದೇವೆ. ವಿಮೆ ಹುಡುಕಿದರೆ ಲೈಫ್‌ಟೈಮ್ ಪಾಲಿಸಿಗೇ ಪ್ರೀಮಿಯಂ ಜಾಸ್ತಿ. ಮರಿ ಗಟ್ಟಿಮುಟ್ಟಾಗಿದೆ. ಈಗ ಕಡಿಮೆ ಬೆಲೆಯದ್ದು ತಗೊಂಡು, ವಯಸ್ಸಾದ ಮೇಲೆ ಲೈಫ್‌ಟೈಮ್‌ಗೆ ಬದಲಾಯಿಸಿದರೆ ಆಗಲ್ವಾ?

ಉತ್ತರ: ಬದಲಾಯಿಸಬಹುದು. ಆದರೆ ಅಷ್ಟರೊಳಗೆ ಕಾಣಿಸಿಕೊಂಡ ಕಾಯಿಲೆಗಳಿಗೆ ಹೊಸ ಪಾಲಿಸಿ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ನಿಮಗೆ ವಿಮೆ ಬೇಕಾಗುವುದು ಆ ಕಾಯಿಲೆಗಳಿಗೇ ಅಲ್ವಾ? ಹಾಗಾಗಿ ಲೈಫ್‌ಟೈಮ್ ಬೇಕು ಅಂತಿದ್ದರೆ ಅದಕ್ಕೆ ಸರಿಯಾದ ಸಮಯ ಈಗಲೇ.

ಬ್ರಿಟನ್ನಿನಲ್ಲಿ ನಾಯಿ ವಿಮೆ ಮುಖ್ಯವಾಗಿ ನಾಲ್ಕು ಬಗೆ. ಅಪಘಾತಕ್ಕೆ ಮಾತ್ರ ಅನ್ವಯಿಸುವುದು ಒಂದು. ಉಳಿದ ಮೂರರ ವ್ಯತ್ಯಾಸ ತಿಳಿಯಲು ಒಂದು ಲೆಕ್ಕ ನೋಡೋಣ. ನಿಮ್ಮ ನಾಯಿಗೆ ಮೂರನೇ ವರ್ಷದಲ್ಲಿ ಚರ್ಮದ ಅಲರ್ಜಿ ಶುರುವಾಯಿತು ಅಂದುಕೊಳ್ಳಿ. ಲ್ಯಾಬ್ರಡಾರ್‌ಗಳಲ್ಲಿ ಇದು ಅಪರೂಪವೇನಲ್ಲ, ಬಂದರೆ ಬದುಕಿರುವವರೆಗೂ ಔಷಧಿ ಬೇಕಾಗಬಹುದು. ವರ್ಷಕ್ಕೆ 1,500 ಪೌಂಡ್ ಖರ್ಚು ಅಂತಿಟ್ಟುಕೊಳ್ಳಿ. ಟೈಮ್ ಲಿಮಿಟೆಡ್ ಪಾಲಿಸಿ ಸಾಮಾನ್ಯವಾಗಿ 12 ತಿಂಗಳು ಕೊಟ್ಟು, ಆ ಕಾಯಿಲೆಗೆ ಬಾಗಿಲು ಹಾಕುತ್ತದೆ. ಮ್ಯಾಕ್ಸಿಮಮ್ ಬೆನಿಫಿಟ್ ಪಾಲಿಸಿಯಲ್ಲಿ ಒಂದು ಕಾಯಿಲೆಗೆ ಒಟ್ಟು ಇಷ್ಟೇ ಅಂತ ಮಿತಿ. ಅದು 4,000 ಪೌಂಡ್ ಆಗಿದ್ದರೆ ಚಿಕಿತ್ಸೆಯ ಮೂರನೇ ವರ್ಷ ಮುಗಿಯುವ ಮೊದಲೇ ಖಾಲಿ. ಲೈಫ್‌ಟೈಮ್‌ನಲ್ಲಿ ಮಾತ್ರ, ತಪ್ಪದೆ ನವೀಕರಿಸಿದರೆ, ಮಿತಿ ಪ್ರತಿ ವರ್ಷ ಮತ್ತೆ ಮೊದಲಿನಷ್ಟೇ ಆಗುತ್ತದೆ. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಸಂಧಿವಾತಗಳಿಗೂ ಇದೇ ಮಾತು.

ಆದರೆ ಲೈಫ್‌ಟೈಮ್ ಅಂತ ಬರೆದಿರುವುದೆಲ್ಲ ಒಂದೇ ಅಲ್ಲ. ಕೆಲವು ಪಾಲಿಸಿಗಳಲ್ಲಿ ವರ್ಷಕ್ಕೆ ಒಟ್ಟು ಒಂದು ಮೊತ್ತ, ಯಾವ ಕಾಯಿಲೆಗೆ ಬೇಕಾದರೂ ಬಳಸಬಹುದು. ಇನ್ನು ಕೆಲವದರಲ್ಲಿ ಒಂದೊಂದು ಕಾಯಿಲೆಗೂ ಬೇರೆಬೇರೆ ವಾರ್ಷಿಕ ಮಿತಿ. ಈ ಎರಡನೆಯ ಬಗೆಯಲ್ಲಿ ಅಗ್ಗದವು ಸಿಗುತ್ತವೆ, ಮಿತಿ ಸಾವಿರವೋ ಒಂದೂವರೆ ಸಾವಿರವೋ ಇರುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಮಂಡಿಯ ಲಿಗಮೆಂಟ್ ಹರಿಯುವುದು ಸಾಮಾನ್ಯ. ಅದರ ಶಸ್ತ್ರಚಿಕಿತ್ಸೆಗೇ ಕೆಲವು ಸಾವಿರ ಪೌಂಡ್ ಬೇಕು. ಅಂಥ ಪಾಲಿಸಿ ಅಲ್ಲಿಗೆ ಸಾಲುವುದಿಲ್ಲ. ನನ್ನ ಪ್ರಕಾರ, ಕಡಿಮೆ ಮಿತಿಯ ಲೈಫ್‌ಟೈಮ್‌ಗಿಂತ ಒಳ್ಳೆಯ ಮಿತಿಯ ಮ್ಯಾಕ್ಸಿಮಮ್ ಬೆನಿಫಿಟ್ ಎಷ್ಟೋ ಮೇಲು.

ಇನ್ನೊಂದು ವಿಷಯ ಪ್ರೀಮಿಯಂ. ಮಿತಿ ಪ್ರತಿ ವರ್ಷ ತುಂಬಿಕೊಳ್ಳುತ್ತದೆ ನಿಜ, ಆದರೆ ಪ್ರೀಮಿಯಂ ಇದ್ದಲ್ಲೇ ಇರುವುದಿಲ್ಲ. ನಾಯಿಗೆ ವಯಸ್ಸಾದಂತೆ, ಕ್ಲೇಮು ಮಾಡದಿದ್ದರೂ ಏರುತ್ತದೆ. ಏಳೆಂಟು ವರ್ಷ ದಾಟಿದ ಮೇಲೆ ಹಲವು ಕಂಪನಿಗಳು ಬಿಲ್ಲಿನ ಒಂದು ಪಾಲನ್ನೂ ನಿಮ್ಮಿಂದ ಕೇಳುತ್ತವೆ. 2,000 ಪೌಂಡ್ ಬಿಲ್ಲಿಗೆ ಮೊದಲು 100 ಪೌಂಡ್ ಎಕ್ಸೆಸ್ (ಬಿಲ್ಲಿನಲ್ಲಿ ನೀವೇ ಕೊಡಬೇಕಾದ ಮೊದಲ ಮೊತ್ತ) ಕಳೆದು, ಉಳಿದದ್ದರಲ್ಲಿ ಶೇ. 20 ನಿಮ್ಮದು ಅಂದರೆ ನಿಮ್ಮ ಕೈಯಿಂದ ಹೋಗುವುದು 480 ಪೌಂಡ್. ದುಬಾರಿ ಅಂತ ಆ ವಯಸ್ಸಿನಲ್ಲಿ ಪಾಲಿಸಿ ಬಿಟ್ಟರೆ ಇಷ್ಟು ವರ್ಷ ಕಟ್ಟಿದ್ದು ಅಲ್ಲಿಗೆ ನಿಂತಿತು. ಬೇರೆ ಕಂಪನಿಗೆ ಹೋದರೆ ಹಳೆಯ ಕಾಯಿಲೆಗಳೆಲ್ಲ ಹೊರಗೆ. ಆದ್ದರಿಂದ ಮರಿಯ ಪ್ರೀಮಿಯಂ ಒಂದನ್ನೇ ನೋಡಬೇಡಿ. ಅದೇ ಕಂಪನಿಯ ಸೈಟಿನಲ್ಲಿ ಸುಮ್ನೆ ಹತ್ತು ವರ್ಷದ ಲ್ಯಾಬ್ರಡಾರ್ ಅಂತ ಹಾಕಿ ದರ ಕೇಳಿ. ಹೊಸದಾಗಿ ಸೇರುವ ಮುದಿ ನಾಯಿಗೆ ಅವರು ಪಾಲಿಸಿ ಕೊಡದಿರಲೂಬಹುದು, ಆದರೆ ದರ ಕೊಟ್ಟರೆ ನಿಮಗೊಂದು ಅಂದಾಜು ಸಿಗುತ್ತದೆ. ಆ ಮೊತ್ತ ಕಟ್ಟಲು ಆಗುತ್ತದೆ ಅನ್ನಿಸಿದರೆ ಮಾತ್ರ ಆ ಮಟ್ಟದ ಮಿತಿ ಆರಿಸಿ.

ಬ್ರೀಡರ್ ಕೆಲವು ವಾರಗಳ ಉಚಿತ ವಿಮೆ ಕೊಟ್ಟಿದ್ದಾರಾ ನೋಡಿ. ಅದು ಮುಗಿಯುವ ಮೊದಲೇ ನಿಮ್ಮ ಪಾಲಿಸಿ ಶುರುವಾಗಲಿ. ಹೊಸ ಪಾಲಿಸಿಯಲ್ಲಿ ಕಾಯಿಲೆಗಳಿಗೆ ಸಾಮಾನ್ಯವಾಗಿ 14 ದಿನ ಕಾಯಬೇಕು. ಆ ನಡುವೆ ಲಸಿಕೆಗೆ ಹೋದಾಗ ‘ಕಿವಿ ಕೆರೆದುಕೊಳ್ಳುತ್ತಿದೆ’ ಅಂತ ವೆಟ್ ಒಂದು ಸಾಲು ಬರೆದುಕೊಂಡರೂ ಸಾಕು, ಮುಂದೆ ಕಿವಿಯ ತೊಂದರೆಯನ್ನು ಮೊದಲೇ ಇದ್ದದ್ದು ಅಂತ ತಳ್ಳಿಹಾಕಬಹುದು. ಒಂದು ಮಂಡಿಗೆ ಪೆಟ್ಟಾಗಿದ್ದರೆ ಇನ್ನೊಂದು ಮಂಡಿಯನ್ನೂ ಹಲವು ಕಂಪನಿಗಳು ಹೊರಗಿಡುತ್ತವೆ.

ಲಸಿಕೆ, ಚಿಗಟದ ಔಷಧಿ, ಸಂತಾನಹರಣ ಚಿಕಿತ್ಸೆಗಳ ಖರ್ಚು ಇದರಲ್ಲಿ ಬರುವುದಿಲ್ಲ. ಆದರೆ ಲಸಿಕೆ ಮತ್ತು ಹಲ್ಲಿನ ವಾರ್ಷಿಕ ತಪಾಸಣೆ ತಪ್ಪಿಸಿದರೆ ಕ್ಲೇಮು ತಿರಸ್ಕಾರವಾಗಬಹುದು. ನಾಯಿ ಯಾರಿಗಾದರೂ ಗಾಯ ಮಾಡಿದರೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ರಕ್ಷಣೆ ಇದೆಯಾ ಅಂತಲೂ ಕೇಳಿ. ಕೆಲವು ಅಗ್ಗದ ಪಾಲಿಸಿಗಳಲ್ಲಿ ಅದು ಇರುವುದಿಲ್ಲ.

ಪಾಲಿಸಿ ಕೈಗೆ ಬಂದ ಮೇಲೂ ರದ್ದು ಮಾಡಲು 14 ದಿನ ಇರುತ್ತದೆ. ಅಷ್ಟರಲ್ಲಿ, ಯಾವುದಕ್ಕೆಲ್ಲ ಹಣ ಕೊಡುವುದಿಲ್ಲ ಅನ್ನುವ ಪುಟಗಳನ್ನು ಕೂತು ಪೂರ್ತಿ ಓದಿ. ಅರ್ಥವಾಗದ ಸಾಲಿದ್ದರೆ ಕಂಪನಿಗೆ ಈಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ. ಮುಂದೆ ಕ್ಲೇಮು ತಿರಸ್ಕಾರವಾಗಿ, ಕಂಪನಿಗೆ ದೂರು ಕೊಟ್ಟು ಎಂಟು ವಾರವಾದರೂ ಬಗೆಹರಿಯದಿದ್ದರೆ ಇಂಥ ದೂರುಗಳನ್ನು ಬಗೆಹರಿಸುವ ಸ್ವತಂತ್ರ ಸಂಸ್ಥೆ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಉಚಿತವಾಗಿ ಹೋಗಬಹುದು. ಆಗ ಆ ಈಮೇಲ್ ನಿಮ್ಮ ಪರವಾಗಿ ನಿಲ್ಲುತ್ತದೆ.