ಉದ್ರಿ ಪುಸ್ತಕ ಯಾರ ಕೈಯಲ್ಲಿದೆ?

ಕಿರಾಣಿ ಅಂಗಡಿಯ ಗಲ್ಲಾ ಪೆಟ್ಟಿಗೆ ಪಕ್ಕದಲ್ಲಿ ಉದ್ದನೆಯ ಪುಸ್ತಕವೊಂದು ಇರುತ್ತಿತ್ತು. ರಟ್ಟಿನ ಹೊದಿಕೆ, ದಾರ ಕಟ್ಟಿದ ಪೆನ್ನು. ಒಂದೊಂದು ಮನೆಗೆ ಒಂದೊಂದು ಹಾಳೆ. ‘ಇಂದು ನಗದು, ನಾಳೆ ಸಾಲ’ ಎಂಬ ಬೋರ್ಡು ತಲೆ ಮೇಲೆಯೇ ನೇತಾಡುತ್ತಿದ್ದರೂ ಉದ್ರಿ ಪುಸ್ತಕ ತುಂಬುತ್ತಲೇ ಇತ್ತು. ಯಾರ ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕು, ಯಾರ ಮಗಳ ಮದುವೆ ಹತ್ತಿರ ಬಂತು, ಯಾರಿಗೆ ಈ ಸಲ ಸಂಬಳ ತಡವಾಗಿದೆ, ಎಲ್ಲವೂ ಅದರಲ್ಲಿತ್ತು. ದೊಡ್ಡ ಕಂಪನಿಗಳು ಸಾರ್ವಜನಿಕ ಸಂಪರ್ಕಕ್ಕೆಂದೇ ಒಂದು ವಿಭಾಗ ಇಟ್ಟು ಸಂಬಳ ಕೊಡುತ್ತಿದ್ದವು. ಶೆಟ್ಟರಿಗೆ ಆ ಪುಸ್ತಕವೇ ಸಾಕಿತ್ತು.

ಈಗ ಸಣ್ಣ ವ್ಯಾಪಾರಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ಇನ್‌ಸ್ಟಾಗ್ರಾಮ್ ಪೇಜ್ ಮಾಡಿ, ರೀಲ್ಸ್ ಹಾಕಿ, ಗೂಗಲ್ ರಿವ್ಯೂ ಕೇಳಿ. ಸಲಹೆ ಕೆಟ್ಟದ್ದೇನಲ್ಲ. ಆದರೆ ಕಳೆದ ಮೂವತ್ತು ವರ್ಷಗಳ ಕಥೆ ತಿರುವಿ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಹೊಸ ಸಾಧನ ಬಂದಾಗಲೆಲ್ಲ ಅಂಗಡಿಯ ಹೆಸರು ಇನ್ನಷ್ಟು ದೂರ ಹೋಯಿತು. ಗಿರಾಕಿಗಳ ಹೆಸರು, ನಂಬರ್ ಇದ್ದ ಪಟ್ಟಿ ಮಾತ್ರ ಅಂಗಡಿಯವರ ಕೈ ತಪ್ಪಿ ಇನ್ನೊಬ್ಬರ ಕೈ ಸೇರಿತು.

ಹಳೆಯ ದಾರಿಗಳು ನಮಗೆಲ್ಲ ಗೊತ್ತಿರುವಂಥವೇ. ಪೇಪರ್ ಹಾಕುವ ಹುಡುಗನಿಗೆ ಒಂದಿಷ್ಟು ಕೊಟ್ಟು ಪತ್ರಿಕೆಯೊಳಗೆ ಕರಪತ್ರ ಸೇರಿಸುವುದು. ಮೈಕ್ ಕಟ್ಟಿದ ಆಟೋ. ಇಂಟರ್‌ವಲ್‌ನಲ್ಲಿ ಚಿತ್ರಮಂದಿರದ ಪರದೆ ಮೇಲೆ ಒಂದು ಸ್ಲೈಡು. ಹೊಸ ವರ್ಷಕ್ಕೆ ಅಂಗಡಿ ಹೆಸರಿನ ಕ್ಯಾಲೆಂಡರ್. ಮೈಸೂರಿನ ‘ಆಂದೋಲನ’ದಂಥ ಜಿಲ್ಲಾ ಪತ್ರಿಕೆಯಲ್ಲಿ ಹಬ್ಬದ ಶುಭಾಶಯ. ಇವುಗಳಲ್ಲಿ ಬಹುಪಾಲು ಜಾಹೀರಾತು. ಸಂಪರ್ಕ ಅಂದರೆ ಬೇರೆ. ಅದಕ್ಕೆ ಒಳ್ಳೆಯ ಉದಾಹರಣೆ ಬೆಂಗಳೂರಿನ ಎಂಟಿಆರ್. 1924ರಲ್ಲಿ ಶುರುವಾದ ಆ ಹೋಟೆಲಿನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದರು. ಬಂದವರೇ ಪಾತ್ರೆಗಳನ್ನು ಹಬೆಯಲ್ಲಿ ತೊಳೆಯುವ ವ್ಯವಸ್ಥೆ ಮಾಡಿದರು. ಊಟದ ಒಳ್ಳೆಯ ಅಭ್ಯಾಸಗಳ ಬಗ್ಗೆ ಪುಟ್ಟ ಪುಸ್ತಿಕೆ ಮಾಡಿಸಿ ಗಿರಾಕಿಗಳಿಗೆ ಹಂಚಿದರು. ‘ನಮ್ಮಲ್ಲಿ ದೋಸೆ ಚೆನ್ನಾಗಿದೆ ಬನ್ನಿ’ ಎನ್ನುವ ಕರಪತ್ರ ಅದಲ್ಲ. ಗಿರಾಕಿಗೆ ಬೇಕಾದ ವಿಷಯ ಹೇಳಿ ನಂಬಿಕೆ ಗಳಿಸುವ ಕೆಲಸ. ಇವತ್ತು ‘ಕಂಟೆಂಟ್ ಮಾರ್ಕೆಟಿಂಗ್’ ಎಂದು ತರಗತಿಗಳಲ್ಲಿ ಹೇಳಿಕೊಡುವುದೂ ಹೆಚ್ಚುಕಡಿಮೆ ಇದನ್ನೇ.

ಪಟ್ಟಿ ಕೈ ಬದಲಾಯಿಸಿದ್ದು 1996ರಿಂದ ಎನ್ನಬಹುದು. ಆ ವರ್ಷ ಫೋನಿನಲ್ಲಿ ಅಂಗಡಿ, ಕೆಲಸಗಾರರ ನಂಬರ್ ಹೇಳುವ ಜಸ್ಟ್‌ಡಯಲ್ ಶುರುವಾಯಿತು, ಮಾರುವವರನ್ನೂ ಕೊಳ್ಳುವವರನ್ನೂ ಸೇರಿಸುವ ಇಂಡಿಯಾಮಾರ್ಟ್ ಕೂಡ. ಜನ ಫೋನ್ ಮಾಡಿ ‘ಜಯನಗರದಲ್ಲಿ ಪ್ಲಂಬರ್ ಬೇಕು’ ಎಂದು ಕೇಳತೊಡಗಿದರು. ಕೇಳಿದವರ ನಂಬರ್ ಮೊದಲು ಸಿಗುತ್ತಿದ್ದದ್ದು ಜಸ್ಟ್‌ಡಯಲ್‌ಗೆ. ಆಮೇಲೆ ಅದು ಪ್ಲಂಬರ್‌ಗೆ. ಪಟ್ಟಿಯಲ್ಲಿ ಮೇಲೆ ಬರಬೇಕೆಂದರೆ ಪ್ಲಂಬರ್ ದುಡ್ಡು ಕೊಡಬೇಕು. 2008ರಲ್ಲಿ ಇನ್ನೊಂದು ಹೆಸರಿನಲ್ಲಿ ಹುಟ್ಟಿದ ಜೊಮಾಟೊ, 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಿಗ್ಗಿ ಇದನ್ನೇ ಇನ್ನೂ ಬಿಗಿ ಮಾಡಿದವು. ಪಾರ್ಸೆಲ್ ತರಿಸಿಕೊಂಡವರು ಯಾರು, ಅವರ ಫೋನ್ ನಂಬರ್ ಏನು ಎಂಬುದು ಹೋಟೆಲಿನವರಿಗೇ ಕಾಣದಂತಾಯಿತು. ಸಾಂಬಾರಿಗೆ ಉಪ್ಪು ಜಾಸ್ತಿಯಾಗಿ ಗಿರಾಕಿ ಸಿಟ್ಟಾದರೆ ‘ತಪ್ಪಾಯ್ತು ಸಾರ್, ನಾಳೆ ಬನ್ನಿ’ ಎಂದು ಫೋನ್ ಮಾಡಲೂ ದಾರಿಯಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಹೋಟೆಲ್ ಮಾಲೀಕರು ಈ ಆ್ಯಪ್‌ಗಳ ರಿಯಾಯಿತಿ ಯೋಜನೆಗಳಿಂದ ಹೊರಬರುವ ‘ಲಾಗ್‌ಔಟ್’ ಚಳವಳಿ ನಡೆಸಿದರು. ಅವರ ಮುಖ್ಯ ಸಿಟ್ಟು ರಿಯಾಯಿತಿಯ ಮೇಲಿತ್ತು. ಆದರೆ ಗಿರಾಕಿಯ ಮಾಹಿತಿ ಮುಚ್ಚಿಡುತ್ತಾರೆ ಎಂಬ ದೂರೂ ಜೊತೆಗಿತ್ತು. ಮುಂದೆ ಹೋಟೆಲುಗಳ ಸಂಘ, ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯೇ ಎಂದು ನೋಡುವ ಸ್ಪರ್ಧಾ ಆಯೋಗಕ್ಕೆ ಹೋಯಿತು. 2022ರ ಏಪ್ರಿಲ್‌ನಲ್ಲಿ ಆಯೋಗ ಜೊಮಾಟೊ, ಸ್ವಿಗ್ಗಿ ಮೇಲೆ ತನಿಖೆಗೆ ಆದೇಶಿಸಿತು.

ಫೇಸ್‌ಬುಕ್‌ನದು ಇನ್ನೊಂದು ಬಗೆ. ಮೊದಮೊದಲು ಅಂಗಡಿಯ ಪೇಜ್‌ಗೆ ಲೈಕ್ ಒತ್ತಿದವರಲ್ಲಿ ಬಹಳ ಜನರಿಗೆ ಅಂಗಡಿಯ ಸುದ್ದಿ ಕಾಣುತ್ತಿತ್ತು. ಬರಬರುತ್ತಾ ಕಡಿಮೆಯಾಯಿತು. 2018ರ ಜನವರಿಯಲ್ಲಿ ಮಾರ್ಕ್ ಜುಕರ್‌ಬರ್ಗ್ ನೇರವಾಗಿಯೇ ಹೇಳಿಬಿಟ್ಟರು: ಇನ್ನು ಮುಂದೆ ಮನೆಯವರ, ಸ್ನೇಹಿತರ ಪೋಸ್ಟ್‌ಗಳಿಗೆ ಆದ್ಯತೆ, ವ್ಯಾಪಾರಿ ಪೇಜ್‌ಗಳದು ಕಡಿಮೆ ಕಾಣುತ್ತದೆ. ವರ್ಷಗಟ್ಟಲೆ ಸೇರಿಸಿದ ಐದು ಸಾವಿರ ಲೈಕ್‌ಗಳಿದ್ದರೂ ಅವರನ್ನು ತಲುಪಲು ದುಡ್ಡು ಕೊಟ್ಟು ‘ಬೂಸ್ಟ್’ ಮಾಡಬೇಕಾಯಿತು. ತಮಾಷೆ ನೋಡಿ, ಅದೇ ಜನವರಿಯಲ್ಲಿ ಅದೇ ಕಂಪನಿ ವಾಟ್ಸ್‌ಆ್ಯಪ್ ಬಿಸಿನೆಸ್ ಎಂಬ ಉಚಿತ ಆ್ಯಪ್ ತಂದಿತು. ಒಂದು ಬಾಗಿಲು ಅರ್ಧ ಮುಚ್ಚಿತು, ಪಕ್ಕದಲ್ಲೇ ಇನ್ನೊಂದು ತೆರೆಯಿತು.

ನನ್ನ ಮಟ್ಟಿಗೆ ಸಣ್ಣ ವ್ಯಾಪಾರಕ್ಕೆ ಈವರೆಗೆ ಬಂದ ಸಾಧನಗಳಲ್ಲಿ ಹೆಚ್ಚು ಉಪಯೋಗದ್ದು ಇದೇ. ಅಂಗಡಿಯ ಸಮಯ, ವಿಳಾಸ ಹಾಕಬಹುದು. 2019ರ ಕೊನೆಗೆ ಸಾಮಾನಿನ ಕ್ಯಾಟಲಾಗ್ ಕೂಡ ಬಂತು. ಇದರ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಪಟ್ಟಿಯಲ್ಲಿ, ಒಂದು ಸೂಕ್ಷ್ಮವಿದೆ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಸುಮ್ನೆ ಎಲ್ಲಿಂದಲೋ ನಂಬರ್ ತಂದು ತುರುಕಿದರೆ ಪ್ರಯೋಜನವಿಲ್ಲ. ‘ನಮ್ಮ ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಸ್ಟಾಕ್ ಬಂದಾಗ ಹೇಳ್ತೀವಿ’ ಎಂದು ಬಾಯಿಬಿಟ್ಟು ಕೇಳಬೇಕು. ಅಂದರೆ ಗಿರಾಕಿ ಒಪ್ಪಿದರೆ ಮಾತ್ರ ಈ ಪಟ್ಟಿಗೆ ಅರ್ಥ. ಅದು ಅಂಗಡಿಯವರ ಫೋನಿನಲ್ಲೇ ಇರುತ್ತದೆ ಎನ್ನುವುದು ಇನ್ನೊಂದು ಲಾಭ. ದಿನಾ ಬೆಳಿಗ್ಗೆ ಗುಲಾಬಿ ಹೂವಿನ ‘ಶುಭೋದಯ’ ಕಳಿಸಿದರೆ ಒಂದೇ ವಾರದಲ್ಲಿ ಬ್ಲಾಕ್ ಆಗುತ್ತೀರಿ, ಅದು ಬೇರೆ ಮಾತು.

ಗೂಗಲ್ ನಕ್ಷೆಯ ಕಥೆ ಸ್ವಲ್ಪ ಉದ್ದ. ವ್ಯಾಪಾರಿಗಳು ತಮ್ಮ ವಿವರ ತಾವೇ ಹಾಕುವ ವ್ಯವಸ್ಥೆಯನ್ನು ಗೂಗಲ್ 2005ರಲ್ಲೇ ಶುರು ಮಾಡಿತ್ತು. 2014ರಲ್ಲಿ ಅದು ‘ಗೂಗಲ್ ಮೈ ಬಿಸಿನೆಸ್’ ಆಯಿತು. 2021ರ ನವೆಂಬರ್‌ನಿಂದ ‘ಗೂಗಲ್ ಬಿಸಿನೆಸ್ ಪ್ರೊಫೈಲ್’. ಅಂಗಡಿ ನಿಜಕ್ಕೂ ಇದೆಯಾ ಎಂದು ಖಾತ್ರಿ ಮಾಡಿಕೊಳ್ಳಲು ಹಿಂದೆ ಗುಪ್ತ ಸಂಖ್ಯೆ ಇರುವ ಕಾರ್ಡನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ‘ರಾಯರ ಮಠದ ಹಿಂದೆ, ಬಸ್ ಸ್ಟ್ಯಾಂಡ್ ಎದುರು’ ಎಂಬಂಥ ನಮ್ಮ ವಿಳಾಸಗಳಿಗೆ ಅಂಥ ಕಾರ್ಡು ತಲುಪಬೇಕಾದರೆ ಪೋಸ್ಟ್‌ಮ್ಯಾನ್ ಊರಿನವನೇ ಆಗಿರಬೇಕು, ಅಲ್ವಾ? ಈಗ ಹೆಚ್ಚಾಗಿ ಅಂಗಡಿಯ ಬೋರ್ಡು, ಬೀದಿ, ಒಳಗಿನ ಜಾಗ ಕಾಣುವಂತೆ ವಿಡಿಯೊ ಮಾಡಿ ಕಳಿಸಿದರೆ ಸಾಕು.

ಬಹಳ ಕಡೆ ತೊಂದರೆ ಆಗುವುದು ಇಲ್ಲಿಯೇ. ನಕ್ಷೆಯಲ್ಲಿ ನಿಮ್ಮ ಅಂಗಡಿಯನ್ನು ನೀವಲ್ಲದೆ ಬೇರೆ ಯಾರು ಬೇಕಾದರೂ ಸೇರಿಸಿರಬಹುದು. ಸಮಯ ತಪ್ಪಿದೆ, ಅಂಗಡಿ ಮುಚ್ಚಿದೆ ಎಂದು ತಿದ್ದುಪಡಿ ಸೂಚಿಸಬಹುದು. ಪ್ರೊಫೈಲನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳದಿದ್ದರೆ ಆ ತಪ್ಪು ಹಾಗೇ ಉಳಿಯುತ್ತದೆ. ಇನ್ನು ಕೆಲವರು ಮೊಬೈಲ್ ಅಂಗಡಿಯ ಹುಡುಗನ ಹತ್ತಿರ ಎಲ್ಲ ಮಾಡಿಸಿರುತ್ತಾರೆ. ಆ ಹುಡುಗ ತನ್ನದೇ ಜಿಮೇಲ್‌ನಲ್ಲಿ ಮಾಡಿರುತ್ತಾನೆ. ಎರಡು ವರ್ಷದ ನಂತರ ಅವನು ಊರು ಬಿಟ್ಟರೆ ಅಂಗಡಿಯ ಹೆಸರು, ಫೋಟೊ, ನೂರಾರು ರಿವ್ಯೂಗಳು ಅವನ ಜೊತೆಗೇ ಹೋದ ಹಾಗೆ. ‘ನಿಮ್ಮ ಗೂಗಲ್ ಲಿಸ್ಟಿಂಗ್ ರದ್ದಾಗುತ್ತೆ, ದುಡ್ಡು ಕಟ್ಟಿ’ ಎಂದು ಬರುವ ಫೋನ್‌ಗಳೂ ಇವೆ. ಅದು ಮೋಸ. ಗೂಗಲ್ ಈ ಸೇವೆಗೆ ದುಡ್ಡು ಕೇಳುವುದಿಲ್ಲ.

ರಿವ್ಯೂ ಬಗ್ಗೆ ಜನರಿಗೆ ಇರುವ ಭಯ ಅತಿಯಾಯಿತು ಅನಿಸುತ್ತದೆ. ಒಂದು ಸ್ಟಾರ್ ಕೊಟ್ಟು ಬೈದವನಿಗೆ ಬರೆಯುವ ಉತ್ತರವನ್ನು ಅವನು ಓದದೇ ಇರಬಹುದು. ಮುಂದೆ ಬರಲಿರುವವರು ಓದುತ್ತಾರೆ. ಜಗಳ ಆಡದೆ, ಏನಾಯಿತು, ಈಗ ಏನು ಸರಿ ಮಾಡಿದ್ದೇವೆ ಎಂದು ನಾಲ್ಕು ಸಾಲು ಬರೆದರೆ ಮುಗಿಯಿತು. ರಿವ್ಯೂ ಬರೆದರೆ ಕಾಫಿ ಫ್ರೀ ಎನ್ನುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ. ಸುಳ್ಳು ರಿವ್ಯೂಗಳ ಹಾವಳಿ ನೋಡಿಯೇ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದು ಐಎಸ್ 19000 ಎಂಬ ಮಾನದಂಡ ತಂದಿತು.

ಕನ್ನಡದ ವ್ಯಾಪಾರಿಗಳಿಗೆ ಇನ್ನೊಂದು ತೊಡಕಿತ್ತು. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡಿಲ್ಲ. ನಮ್ಮ ಡಿಟಿಪಿ ಅಂಗಡಿಗಳು ಬೆಳೆದದ್ದು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳ ಮೇಲೆ. ಅದರಲ್ಲಿ ಮಾಡಿದ ಕರಪತ್ರದ ಅಕ್ಷರವನ್ನು ಫೇಸ್‌ಬುಕ್‌ಗೆ ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಗುರುತುಗಳ ಸಾಲು ಬರುತ್ತಿತ್ತು. ಯಾವ ಸಾಧನದಲ್ಲೂ ಒಂದೇ ರೀತಿ ಓದಬಹುದಾದ ಯುನಿಕೋಡ್ ಕನ್ನಡ ಇತ್ತು, ಆದರೆ ಅಂಗಡಿಯವರ ಅಗ್ಗದ ಫೋನುಗಳಲ್ಲಿ ಅದು ಸರಿಯಾಗಿ ಕಾಣಲು ಬಹಳ ಕಾಲ ಹಿಡಿಯಿತು. ಹಾಗಾಗಿ ಎಲ್ಲರೂ ಸುಲಭದ ದಾರಿ ಹಿಡಿದರು: ಕರಪತ್ರದ ಫೋಟೊ ಹೊಡೆದು ಕಳಿಸುವುದು. ಫೋನ್ ಬದಲಾದರೂ ಆ ಅಭ್ಯಾಸ ಬದಲಾಗಲಿಲ್ಲ. ಇವತ್ತಿಗೂ ಮನೆಯಲ್ಲಿ ಹಪ್ಪಳ ಮಾಡಿ ಮಾರುವವರು ಬೆಲೆಪಟ್ಟಿಯನ್ನು ಚಿತ್ರವಾಗಿಯೇ ಹಾಕುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಯಾರಾದರೂ ‘ಹಲಸಿನ ಹಪ್ಪಳ ಶಿರಸಿ’ ಎಂದು ಹುಡುಕಿದರೆ ಅಕ್ಷರದಲ್ಲಿ ಬರೆದವರದು ಮೊದಲು ಸಿಗುತ್ತದೆ, ಚಿತ್ರದಲ್ಲಿ ಬರೆದದ್ದು ಸಿಕ್ಕರೆ ಸಿಕ್ಕಿತು. ಚಿತ್ರದ ಕೆಳಗೆ ಅದೇ ಮಾತನ್ನು ಕನ್ನಡದಲ್ಲಿ ಟೈಪ್ ಮಾಡಿ. ಹಾಗೇ ನಕ್ಷೆಯಲ್ಲಿ ಅಂಗಡಿಯ ಹೆಸರು, ವಿವರಣೆ ಕನ್ನಡದಲ್ಲೂ ಇರಲಿ. ಟೈಪ್ ಮಾಡಲು ಬೇಜಾರಾದವರು ಈಗ ಫೋನಿಗೆ ಕನ್ನಡದಲ್ಲಿ ಮಾತಾಡಿಯೇ ಹುಡುಕುತ್ತಾರೆ.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿಯಿತು. ಜಿಲ್ಲಾಡಳಿತ ಕೆಲ ದಿನ ಪ್ರವಾಸಿಗರು ಬರುವುದನ್ನೇ ತಡೆಯಿತು. ಹೋಮ್‌ಸ್ಟೇಗಳ ಬುಕಿಂಗ್ ರದ್ದಾದವು. ತಡೆ ತೆರವಾದ ಮೇಲೂ ಟಿವಿಯಲ್ಲಿ ಕಂಡ ಮಣ್ಣಿನ ರಾಶಿಯೇ ಜನರ ಕಣ್ಣಲ್ಲಿ ಉಳಿದಿತ್ತು. ನಿಜವಾದ ಸಂಪರ್ಕದ ಕೆಲಸ ಬೀಳುವುದು ಇಂಥ ಹೊತ್ತಿನಲ್ಲೇ. ನಮ್ಮ ಕಡೆಯ ರಸ್ತೆ ಸರಿಯಿದೆ, ಇಂಥ ರಸ್ತೆ ಇನ್ನೂ ಬೇಡ, ನಾವೇ ಹೇಳುವವರೆಗೆ ಕಾಯಿರಿ ಎಂದು ಹಳೆಯ ಅತಿಥಿಗಳಿಗೆ ಹೇಳಬೇಕು. ಅತಿಥಿಗಳ ನಂಬರ್ ತಮ್ಮ ಬಳಿ ಬರೆದಿಟ್ಟುಕೊಂಡವರಿಗೆ ಅದು ಒಂದು ಸಂಜೆಯ ಕೆಲಸ. ಬುಕಿಂಗ್ ಜಾಲತಾಣದ ಮೇಲೆ ಎಲ್ಲವನ್ನೂ ಬಿಟ್ಟವರಿಗೆ ಯಾರಿಗೆ ಹೇಳಬೇಕೆಂಬುದೇ ಗೊತ್ತಿಲ್ಲ.

2020 ಬಂತು. ಲಾಕ್‌ಡೌನ್‌ನಲ್ಲಿ ಈರುಳ್ಳಿ ಮಾರಲಾಗದೆ ಹಿರಿಯೂರು ತಾಲ್ಲೂಕಿನ ರೈತ ಮಹಿಳೆಯೊಬ್ಬರು ವಿಡಿಯೊ ಮಾಡಿ ಹಾಕಿದರು. ಅದು ಎಷ್ಟು ಹರಡಿತೆಂದರೆ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರೇ ಫೋನ್ ಮಾಡಿದರು. ಮಾವು ನಿಗಮ ‘ಕರ್‌ಸಿರಿ ಮ್ಯಾಂಗೋಸ್’ ಜಾಲತಾಣದಲ್ಲಿ ಬೆಳೆಗಾರರ ಹಣ್ಣಿಗೆ ಆರ್ಡರ್ ತೆಗೆದುಕೊಂಡು ಅಂಚೆ ಇಲಾಖೆಯ ಮೂಲಕ ಬೆಂಗಳೂರಿನ ಮನೆಗಳಿಗೆ ತಲುಪಿಸಿತು. ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗುಂಪುಗಳು ಸಂತೆಗಳಾದವು.

ಅದೇ ವರ್ಷದ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಅಲ್ಲಿ ಸಾವಿರಾರು ಅನುಯಾಯಿಗಳನ್ನು ಸೇರಿಸಿದ್ದ ಟೈಲರ್‌ಗಳು, ಬ್ಯೂಟಿಪಾರ್ಲರ್‌ನವರು ಸೊನ್ನೆಗೆ ಬಂದರು. ಜುಲೈನಲ್ಲಿ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ತಂದಾಗ ಮತ್ತೆ ಮೊದಲಿನಿಂದ ಶುರು. ಮರುವರ್ಷ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಕೈಕೊಟ್ಟವು. ವಾಟ್ಸ್‌ಆ್ಯಪ್‌ನಲ್ಲಿರುವ ನಂಬರ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ ಎನ್ನುವುದು ಅದಕ್ಕೇ.

ವೈರಲ್ ಆಗುವುದರ ಬಗ್ಗೆಯೂ ಹೇಳಬೇಕು. ದೆಹಲಿಯ ಮಾಳವೀಯ ನಗರದ ‘ಬಾಬಾ ಕಾ ಢಾಬಾ’ ಎಂಬ ಪುಟ್ಟ ಊಟದ ಗಾಡಿ ನೆನಪಿರಬಹುದು. 2020ರ ಅಕ್ಟೋಬರ್‌ನಲ್ಲಿ ಯೂಟ್ಯೂಬರ್ ಒಬ್ಬರ ವಿಡಿಯೊದಿಂದ ಮರುದಿನವೇ ಗಾಡಿ ಮುಂದೆ ಕ್ಯೂ. ನಂತರ ದೇಣಿಗೆ ಹಣದ ಬಗ್ಗೆ ಆ ಯೂಟ್ಯೂಬರ್ ಜೊತೆಗೇ ಜಗಳ, ಪೊಲೀಸ್ ದೂರು. ಢಾಬಾದವರು ಡಿಸೆಂಬರ್‌ನಲ್ಲಿ ದೊಡ್ಡ ಹೋಟೆಲ್ ತೆರೆದರು, ಕೆಲವೇ ತಿಂಗಳಲ್ಲಿ ಮುಚ್ಚಿದರು. ಮತ್ತೆ ಹಳೆಯ ಗಾಡಿಗೆ. ಬಂದ ಜನ ಯೂಟ್ಯೂಬರ್‌ನ ಗಿರಾಕಿಗಳು, ಢಾಬಾದ ಗಿರಾಕಿಗಳಲ್ಲ. ಬೆಂಗಳೂರಿನ ತಿಂಡಿ ಹೋಟೆಲುಗಳಿಗೆ ಕ್ಯಾಮೆರಾ ಹಿಡಿದು ಬರುವವರ ವಿಷಯದಲ್ಲೂ ಇದನ್ನು ನೆನಪಿಡಬೇಕು. ದುಡ್ಡು ಅಥವಾ ಪುಕ್ಕಟೆ ಊಟ ಪಡೆದು ಹೊಗಳಿದರೆ ಅದನ್ನು ವಿಡಿಯೊದಲ್ಲೇ ಹೇಳಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೂ ಹೋಗಬಹುದು.

ಮತ್ತೆ ಉದ್ರಿಗೆ ಬರೋಣ. ಬೆಂಗಳೂರಿನದೇ ಖಾತಾಬುಕ್ ಎಂಬ ಕಂಪನಿ ಉದ್ರಿ ಪುಸ್ತಕವನ್ನೇ ಆ್ಯಪ್ ಮಾಡಿತು. ಬಾಕಿ ಇರುವವರಿಗೆ ನೆನಪಿನ ಸಂದೇಶವನ್ನು ಅದೇ ಕಳಿಸುತ್ತದೆ. ಮುಖ ನೋಡಿ ಕೇಳುವ ಮುಜುಗರ ತಪ್ಪಿತು ಎಂದು ಅಂಗಡಿಯವರಿಗೆ ಖುಷಿ. ಇನ್ನು ಯುಪಿಐ, ಅದೂ ಒಂದು ಲೆಕ್ಕದ ಪುಸ್ತಕವೇ. 2025ರ ಜುಲೈನಲ್ಲಿ ಅದರ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬೋರ್ಡ್ ಹಾಕಿದವು. ಪುಸ್ತಕವನ್ನು ಓದಬಲ್ಲವರು ಎಷ್ಟು ಜನ ಎಂಬುದು ಅವತ್ತು ಬೀದಿಗೇ ಗೊತ್ತಾಯಿತು.

ಪಟ್ಟಿ ವಾಪಸ್ ಕೈಗೆ ಬಂದವರಿಗೂ ಈಗ ಹೊಸ ಹೊಣೆ ಬರುತ್ತಿದೆ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಅಂಶಗಳು ಜಾರಿಯಾಗಲು 18 ತಿಂಗಳ ಗಡುವು ಇದೆ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಗಿರಾಕಿಯ ನಂಬರ್ ಇಟ್ಟುಕೊಳ್ಳುವವರು ಅದು ಯಾಕೆ ಬೇಕು ಎಂದು ಹೇಳಿ ಒಪ್ಪಿಗೆ ಕೇಳಬೇಕು. ಬೇಡ ಅಂದರೆ ಅಳಿಸಬೇಕು. ಬಿಲ್ ಹಾಕುವಾಗ ‘ನಂಬರ್ ಹೇಳಿ ಸಾರ್’ ಎಂದಷ್ಟೇ ಕೇಳುವ ಅಭ್ಯಾಸವನ್ನು 2027ರ ಮೇ ಹೊತ್ತಿಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ.